ಪೇಟಿ ಸ್ಪರ್ಧಾದಾಗ ನನಗ ಒಂದ 'ಸಾ'

ಸಂಗೀತ ಕೇಳಿದ್ರ ಮನಸ್ಸಿಗೆ ಶಾಂತಿ ಸಿಗತೈತಿ ಅಂತಾರ. ಹಂಗ ಅನ್ನಾವರು ಒಮ್ಮೆನೂ ಪೇಟಿ ಸ್ಪರ್ಧಾಕ್ಕ ಬಂದಿಲ್ಲ ಅಂತ ನಾ ಬರದು ಕೊಡತೇನಿ. ವರ್ಷಾನುಗಟ್ಟಲೆ ಆ ಸ್ಪರ್ಧಾದ ಬಾಜೂಕ ಕುಂತೇನಿ, ಒಂದು ವರ್ಷನೂ ಎದಿ ಧಸಕ್ ಅನ್ನದ ಮನಿಗೆ ಹೋಗಿಲ್ಲ. ಈ ಸಲ ಏನೂ ಆಗಂಗಿಲ್ಲ ಅಂತ ಅಂದಕೊಂಡು ಹೋದಾಗೆಲ್ಲಾ ಹೋದ ವರ್ಷಕ್ಕಿಂತ ದೊಡ್ಡದ ಒಂದು ಆಗೇ ಆಗತಿತ್ತು.

ಪೇಟಿ ಅಂದ್ರ ಹಾರ್ಮೋನಿಯಂ. ನಮ್ಮ ಕಡೆ ಅಷ್ಟುದ್ದ ಹೆಸರು ಯಾರೂ ಕರಿಯಂಗಿಲ್ಲ. ಬೈಲಹೊಂಗಲದ ಬಜಾರದಾಗ ನಂದೊಂದು ಪೇಟಿ ರಿಪೇರಿ ಅಂಗಡಿ ಐತಿ, ಅಪ್ಪನ ಕಾಲದ್ದು. ತೊಂಬತ್ತರ ದಶಕದಾಗ ನಮ್ಮಲ್ಲೆ ಒಂದು ಸಂಗೀತ ಸಂಘ ಹುಟ್ಟಿತು. ವರ್ಷಕ್ಕೊಮ್ಮೆ ಪೇಟಿ ಸ್ಪರ್ಧಾ ಇಡತಿದ್ರು. ಒಂದು ವರ್ಷ ಬೈಲಹೊಂಗಲ, ಒಂದು ವರ್ಷ ಕಿತ್ತೂರು, ಆಮ್ಯಾಲೆ ಸವದತ್ತಿ, ರಾಮದುರ್ಗ, ಹಿಂಗ ಪಾಳಿ. ಎಲ್ಲಾರೂ ಸಂಘದ ಒಂದ ಪೇಟಿ ಬಾರಸಬೇಕು. ಅದು ನಡುವ ಕೆಟ್ಟರ ಸುಧಾರಸಾಕ ನಾ ಸ್ಕ್ರೂಡ್ರೈವರ್ ಹಿಡಕೊಂಡು ವೇದಿಕಿ ಬಾಜೂಕ ಕುಂಡ್ರಬೇಕು.

ಅಲ್ಲೆ ನಡಿಯೂದು ಇಬ್ಬರ ಮಾತು. ಒಬ್ಬರು ದೊಡ್ಡ ಮಾಸ್ತರು, ತೀರ್ಪು ಕೊಡಾವರು. ಅವರ ಆಜೂಬಾಜು ಇನ್ನಿಬ್ಬರು ತೀರ್ಪುಗಾರರು ಇರತಿದ್ರು, ಆದರ ಅವರು ದೊಡ್ಡ ಮಾಸ್ತರ ಹಾಳಿ ನೋಡಿ ತಮ್ಮ ಹಾಳಿ ತುಂಬತಿದ್ರು. ಇನ್ನೊಬ್ಬರು ಸಾಹುಕಾರ್ರು, ಹತ್ತಿ ಮಿಲ್ಲಿನ ಮಾಲಕರು, ಸಂಘದ ಅಧ್ಯಕ್ಷರು. ವ್ಯಾಳ್ಯಾ ಮುಗೀತು ಅಂತ ಹೇಳೂ ಗಂಟಿ ಅವರ ಕೈಯಾಗ. ನನ್ನ ಅಂಗಡಿ ಇದ್ದದ್ದೂ ಅವರ ಜಾಗಾದಾಗ.

ನನಗ ಜೀವಮಾನದಾಗ ಒಂದ ಆಸೆ ಇತ್ತು. ದೊಡ್ಡ ಮಾಸ್ತರು ಒಮ್ಮೆ, ಒಂದ ಒಮ್ಮೆ, ನನ್ನ ಪೇಟಿ ಕೇಳಬೇಕು. ಬಹುಮಾನ ಬ್ಯಾಡ, ಸುಡಗಾಡು ಬ್ಯಾಡ. ಕೇಳಿ ಚಲೋ ಐತಿ ಅನ್ಲಿ, ಇಲ್ಲಾ ಕೆಟ್ಟ ಐತಿ ಅನ್ಲಿ. ಆ ಆಸೆ ಹ್ಯಾಂಗ ಮಣ್ಣಾತು ಅನ್ನೂದರಿಂದ ಸುರು ಮಾಡತೇನಿ.

೧. ಫಾರ್ಮಿನ ಕಡೀ ಸಾಲು

ಮೊದಲ ವರ್ಷ ಸ್ಪರ್ಧಾ ನಮ್ಮೂರಾಗ ಇತ್ತು. ನಾನೂ ಒಂದು ಫಾರ್ಮ್ ತುಂಬಿದೆ. ಹೆಸರು, ಊರು, ವಯಸ್ಸು ಎಲ್ಲಾ ಆತು. ಕಡೀ ಸಾಲಿನಾಗ 'ಗುರುಗಳ ಹೆಸರು' ಅಂತಿತ್ತು. ನಾ ಅಪ್ಪನ ಹೆಸರು ಬರದೆ. ಅಪ್ಪ ನಾಟಕ ಕಂಪನಿಗಳ ಪೇಟಿ ರಿಪೇರಿ ಮಾಡಿ ಮಾಡಿ ತಾನ ಬಾರಸಾಕ ಕಲತವ. ನನಗೂ ಹಂಗ ಕಲಿಸಿದ.

ಸಂಘದ ಕಾರ್ಯದರ್ಶಿ ಆ ಫಾರ್ಮ್ ಓದಿ, ನನ್ನ ಮಾರಿ ನೋಡಿ, ಸೀದಾ ದೊಡ್ಡ ಮಾಸ್ತರ ಮುಂದ ಒಯ್ದು ಇಟ್ಟರು.

"ಈ ಗುರುಗಳು ಯಾರು?" ಅಂತ ಮಾಸ್ತರು ಕೇಳಿದ್ರು.

"ನಮ್ಮಪ್ಪ ರೀ."

"ಏನು ಮಾಡತಿದ್ರು?"

"ಪೇಟಿ ರಿಪೇರಿ ರೀ."

"ಮತ್ತ ನಿನಗ ಕಲಿಸಿದವರು ಯಾರು?"

"ಅವರ ರೀ."

ಮಾಸ್ತರು ಕನ್ನಡಕ ತಗದು ಒರಸಿಕೊಂಡ್ರು. "ತಮ್ಮಾ, ಪೇಟಿ ಬಿಚ್ಚಾವ ಬ್ಯಾರೆ, ಬಾರಸಾವ ಬ್ಯಾರೆ. ತೊಟ್ಟಿಲಾ ಮಾಡಿದವನ್ನ ಜೋಗುಳಾ ಹಾಡು ಬಾ ಅಂತ ಕರೀತಾರೇನು? ನೀ ರಿಪೇರಿ ಮಾಡು. ಮಾಡಿದ ಮ್ಯಾಲೆ ನೋಡಾಕ ಒಂದ 'ಸಾ' ಬಾರಸು. 'ರೀ'ಕ್ಕ ಹೋಗಬ್ಯಾಡ."

ಮೂರು ಸಪ್ತಕದ ಪೇಟಿ, ಅದರಾಗ ನನ್ನ ಪಾಲಿಗೆ ಒಂದ ಸ್ವರ. ಅಷ್ಟಕ್ಕ ಬಿಡಲಿಲ್ಲ. ಮಾಸ್ತರು ನನ್ನ ಫಾರ್ಮ್ ನಾಕು ಮಡಿಕಿ ಮಡಚಿ, ಗಡಗಡ ಅಲ್ಲಾಡಾಕತ್ತಿದ್ದ ತಮ್ಮ ಮೇಜಿನ ಕಾಲಿನ ಬುಡಕ್ಕ ತುರಕಿದ್ರು. ಮೇಜು ಸಂಜೀತನಕ ಅಲ್ಲಾಡಲಿಲ್ಲ. ನನ್ನ ಅರ್ಜಿ ಮಂಜೂರಾದದ್ದು ಅಷ್ಟರ ಮಟ್ಟಿಗೆ.

೨. ಕಿತ್ತೂರಿನಾಗ ಕುತ್ತಿಗಿ

ದೊಡ್ಡ ಮಾಸ್ತರ ತಲಿ ಮ್ಯಾಲೆ ಕೆಳಗ ಆಡಿದ್ರ ಬಹುಮಾನ, ಅಡ್ಡ ಆಡಿದ್ರ ಮನಿ ದಾರಿ. ಇದು ಎಲ್ಲಾರಿಗೂ ಗೊತ್ತಿದ್ದ ಮಾತು. ಹಂಗಾಗಿ ಸ್ಪರ್ಧಾಕ್ಕ ಬಂದವರು ಯಾರೂ ಪೇಟಿ ನೋಡತಿದ್ದಿಲ್ಲ. ಬಟ್ಟು ಪೇಟಿ ಮ್ಯಾಲೆ, ಕಣ್ಣು ಮಾಸ್ತರ ತಲಿ ಮ್ಯಾಲೆ.

ಕಿತ್ತೂರಿಗೆ ಬರೂಮುಂದ ಮಾಸ್ತರು ಬಸ್ಸಿನಾಗ ಓರೆಯಾಗಿ ನಿದ್ದಿ ಹೋಗಿ ಅವರ ಕುತ್ತಿಗಿ ಹಿಡಕೊಂಡಿತ್ತು. ಅದನ್ನ ಸಡಲ ಮಾಡಕೊಳ್ಳಾಕ ಘಳಿಗಿಗೊಮ್ಮೆ ಎಡಕ್ಕ ಬಲಕ್ಕ ಹೊಳ್ಳಸತಿದ್ರು. ಇದು ನನಗ ಗೊತ್ತಿತ್ತು, ಯಾಕಂದ್ರ ಅದ ಬಸ್ಸಿನಾಗ ನಾನೂ ಬಂದಿದ್ದೆ. ಪೇಟಿ ಮುಂದ ಕುಂತವರಿಗೆ ಗೊತ್ತಿರಲಿಲ್ಲ.

ಮೊದಲನೇದವ ಯಮನ್ ರಾಗ ಸುರು ಮಾಡಿದ. ಮಾಸ್ತರ ತಲಿ ಅಡ್ಡ ಹೊಳ್ಳಿತು. ಅವನ ಬೆವರು ಕಿತ್ತಬಂತು, ಯಮನ್ ಬಿಟ್ಟು ಭೂಪಕ್ಕ ಬಂದ. ತಲಿ ಮತ್ತ ಹೊಳ್ಳಿತು. ದುರ್ಗಾಕ್ಕ ಹಾರಿದ. ಏಳು ನಿಮಿಷದಾಗ ಮೂರು ರಾಗ ದಾಟಿ ಇಳದು ಹೋದ. ಎರಡನೇದವ ನೇಸರಗಿ ಕಡೆಯವ, ಪಾಪ, ಅಗದಿ ಸಭ್ಯಸ್ಥ. ಮೊದಲನೇ ಸಲ ತಲಿ ಹೊಳ್ಳಿದ ಕೂಡಲೇ ಪೇಟಿ ಮುಚ್ಚಿ, "ತಪ್ಪಾತ್ರಿ" ಅಂತ ಕೈ ಮುಗದು ಹೊಂಟ. ಏನು ತಪ್ಪು ಅಂತ ಅವಗೂ ಗೊತ್ತಿಲ್ಲ, ಮಾಸ್ತರಿಗೂ ಗೊತ್ತಿಲ್ಲ. ನಾ ತಗದ ಬಾಯಿ ಮುಚ್ಚದ ಕುಂತಿದ್ದೆ. ಹೇಳೂಣು ಅಂದ್ರ ಯಾರಿಗೆ ಹೇಳೂದು, ನನಗ ಇದ್ದ ಅಧಿಕಾರ ಒಂದು 'ಸಾ'.

ಕಡೀಗೆ ಮಾಸ್ತರು ಎದ್ದು ನಿಂತು ಭಾಷಣಾ ಮಾಡಿದ್ರು. "ಈಗಿನವರಿಗೆ ಒಂದು ರಾಗದ ಮ್ಯಾಲೆ ನಿಷ್ಠಾ ಇಲ್ಲ. ಒಬ್ಬ ಮಾತ್ರ ಹಿಡದ ರಾಗ ಬಿಡಲಿಲ್ಲ. ನಮ್ಮ ಕಡೆ ಕಣ್ಣೆತ್ತಿ ಸುದ್ದಾ ನೋಡಲಿಲ್ಲ. ಅದಕ್ಕ ತಪಸ್ಸು ಅಂತಾರ. ಮೊದಲನೇ ಬಹುಮಾನ ಅವಗ."

ಆ ತಪಸ್ವಿ ಬಹುಮಾನ ಹಿಡಕೊಂಡು ನನ್ನ ಹಂತೇಕ ಬಂದು ಕಿವ್ಯಾಗ ಕೇಳಿದ. "ನನ್ನ ಕನ್ನಡಕ ಮನಿಯಾಗ ಮರತು ಬಂದೇನ್ರಿ, ಮಾರು ದೂರದ್ದು ಕಾಣಾಕ ಒಲ್ಲದು. ದೊಡ್ಡ ಮಾಸ್ತರು ಅಂದ್ರ ಇದರಾಗ ಯಾರು, ಸ್ವಲ್ಪ ತೋರಸ್ರಿ, ನಮಸ್ಕಾರ ಮಾಡತೇನಿ."

೩. ಪರದಾದ ಹಿಂದಿನ ಮಾರ್ಕು

ಕುತ್ತಿಗಿ ಸುದ್ದಿ ಹ್ಯಾಂಗೋ ಮಾಸ್ತರ ಕಿವಿಗೆ ಬಿತ್ತು. ಮುಂದಿನ ವರ್ಷ ಸವದತ್ತಿಯೊಳಗ ಅವರದು ಹುಕುಂ ಆತು: ಇನ್ನ ಮ್ಯಾಲೆ ತೀರ್ಪುಗಾರರು ಪರದಾದ ಹಿಂದ ಕುಂಡ್ರೂದು. ಅವರಿಗೆ ಬಾರಸಾವರು ಕಾಣಬಾರದು, ಬಾರಸಾವರಿಗೆ ಅವರು ಕಾಣಬಾರದು. ಹೆಸರು ಕರಿಯೂದಿಲ್ಲ, ಬರೇ ನಂಬರ್. ನ್ಯಾಯ ಅಂದ್ರ ಅದು.

ವೇದಿಕಿಗೆ ಅಡ್ಡಲಾಗಿ ಒಂದು ನೀಲಿ ಪರದಾ ಕಟ್ಟಿದ್ರು. ಬಂದವರೆಲ್ಲಾ ಆ ಪರದಾಕ್ಕ ಬಗ್ಗಿ ನಮಸ್ಕಾರ ಮಾಡಿ ಕುಂಡ್ರತಿದ್ರು. ನನ್ನ ಜಾಗಾ ಪರದಾದ ತುದಿಗೆ, ನನಗ ಎರಡೂ ಕಡೆ ಕಾಣತಿತ್ತು.

ಐದನೇ ನಂಬರಿನವ ಸುರು ಮಾಡಿ ಒಂದು ನಿಮಿಷ ಆಗಿರಬೇಕು, ದೊಡ್ಡ ಮಾಸ್ತರು ಮೆಲ್ಲಕ ಎದ್ದು ಹಿಂದಿನ ಬಾಗಲದಿಂದ ಹೊರಗ ಹ್ವಾದ್ರು. ಅವರು ಎದ್ದ ಮ್ಯಾಲೆ ಉಳದ ಇಬ್ಬರೂ ಎದ್ದು ಹ್ವಾದ್ರು. ಹೊರಗ ಚಹಾದ ಅಂಗಡಿ. ಇಲ್ಲೆ ಐದನೇ ನಂಬರಿನವ ಮೂರು ಖಾಲಿ ಕುರ್ಚಿ ಮುಂದ ಕಣ್ಣು ಮುಚ್ಚಿ ಜೀವಾ ಬಿಟ್ಟು ಬಾರಸಾಕತ್ತಾನ. ಅವ ಮುಗಿಸಿದ, ಆರನೇದವ ಬಂದ, ಅವನೂ ಖಾಲಿ ಕುರ್ಚಿಗೆ ನಮಸ್ಕಾರ ಮಾಡಿ ಬಾರಿಸಿದ. ಏಳನೇದವ ಕುಂಡ್ರೂಮುಂದ ಮೂವರೂ ಮೀಸಿ ಒರಸಕೋತ ಒಳಗ ಬಂದು, ಐದನೇದವಗ ಆರನೇದವಗ ಇಬ್ಬರಿಗೂ ಬರಾಬರಿ ಮಾರ್ಕು ಹಾಕಿದ್ರು.

ನನಗ ತಡಿಲಿಕ್ಕಾಗಲಿಲ್ಲ. ಸಂಜೀಕ ಪೇಟಿ ಕಟ್ಟೂಮುಂದ ಧೈರ್ಯಾ ಮಾಡಿ ಕೇಳಿದೆ. "ಮಾಸ್ತರ, ಐದನೇ ನಂಬರಿಗೆ ನೀವು ಕೇಳದ ಮಾರ್ಕು ಹಾಕಿದ್ರಿ?"

ಮಾಸ್ತರು ನನ್ನನ್ನ ಮ್ಯಾಲಿಂದ ಕೆಳಗ ನೋಡಿದ್ರು. "ಕೇಳಿಲ್ಲ ಅಂತ ಯಾರು ಹೇಳಿದ್ರು? ಒಂದು ನಿಮಿಷ ಕೇಳಿದೆ. ಎದ್ದು ಹೋಗಬೇಕು ಅನಸ್ತು. ಅದ ಅವನ ಮಾರ್ಕು."

"ಆರನೇದವಂದು?"

"ಅಂವ ಬಾರಸೂಮುಂದ ಹೊಳ್ಳಿ ಒಳಗ ಬರಬೇಕು ಅನಸಲಿಲ್ಲ."

೪. ಸಾಹುಕಾರ್ರ ವಾಚು

ಮತ್ತ ಬೈಲಹೊಂಗಲದ ಪಾಳಿ ಬಂದಾಗಿನ ಮಾತು. ಒಬ್ಬೊಬ್ಬರಿಗೆ ಏಳು ನಿಮಿಷ. ಸಾಹುಕಾರ್ರು ಮುಂದಿನ ಸಾಲಿನಾಗ ಬಂಗಾರ ಬಣ್ಣದ ವಾಚು ನೋಡಕೋತ ಗಂಟಿ ಹಿಡಕೊಂಡು ಕುಂತಿದ್ರು.

ತೊರಗಲ್ಲಿನಿಂದ ಒಬ್ಬರು ಸಾಲಿ ಮಾಸ್ತರು ಬಂದಿದ್ರು, ಸಣಕಲ ಮನಶಾ, ಕೈ ಮಾತ್ರ ಬೆಣ್ಣಿ. ಬಾರಸಾಕ ಸುರು ಮಾಡಿದ್ರು. ಏಳು ನಿಮಿಷ ಆತು, ಗಂಟಿ ಬಡೀಲಿಲ್ಲ. ಹದಿನೈದು ಆತು. ರಾಗ ಮುಗೀತು, ಮಂದಿ ಚಪ್ಪಾಳಿ ತಟ್ಟಿತು, ಗಂಟಿ ಇಲ್ಲ. ಗಂಟಿ ಆಗೂತನಕ ಏಳಬಾರದು ಅಂತ ನಿಯಮ ಇತ್ತು. ಪಾಪ ಅವರು ಮೊದಲಿಂದ ಮತ್ತ ಸುರು ಮಾಡಿದ್ರು. ಇಪ್ಪತ್ತೈದು ನಿಮಿಷಕ್ಕ ಅಭಂಗಕ್ಕ ಬಂದ್ರು, ಮುಂದ ಸಾಲಿ ಪ್ರಾರ್ಥನಾಕ್ಕ ಬಂದ್ರು. ಎಡಗೈಲೆ ತಿದಿ ಒತ್ತಿ ಒತ್ತಿ ಭುಜಾ ಬಿದ್ದು ಹೋಗಿತ್ತು. ಸಾಹುಕಾರ್ರ ಕಡೆ ನೋಡತಾರ, ಸಾಹುಕಾರ್ರು ವಾಚಿನ ಕಡೆ ನೋಡತಾರ.

ವಾಚು ನಿಂತಿತ್ತು. ಮುಂದಿನ ಎರಡು ಸಾಲಿನಾಗ ಕುಂತವರಿಗೆಲ್ಲಾ ಅದು ಗೊತ್ತಾಗಿತ್ತು. ಆದರ ಸಾಹುಕಾರ್ರ ವಾಚು ನಿಂತೈತಿ ಅಂತ ಸಾಹುಕಾರ್ರಿಗೆ ಹೇಳಾವರು ಯಾರು? ಕಾರ್ಯದರ್ಶಿ ಒಮ್ಮೆ ಎದ್ದು ಹೋಗಿ ಬಗ್ಗಿ, "ನೀರು ಬೇಕೇನ್ರಿ?" ಅಂತ ಕೇಳಿ ಹೊಳ್ಳಿ ಬಂದ್ರು. ನಲವತ್ತು ನಿಮಿಷಕ್ಕ ಸಾಹುಕಾರ್ರ ಕೈ ಸೋತು ಗಂಟಿ ತಾನ ತೊಡಿ ಮ್ಯಾಲೆ ಬಿದ್ದು ಸಪ್ಪಳಾತು. ತೊರಗಲ್ಲಿನ ಮಾಸ್ತರು ಪೇಟಿ ಮ್ಯಾಲೆ ತಲಿ ಇಟ್ಟಬಿಟ್ರು.

ಇಷ್ಟೆಲ್ಲಾ ಆಗಿ ಫಲಿತಾಂಶ ಓದಿದಾಗ ನಾ ಹೌಹಾರಿದೆ. ಪರದಾದ ಹಿಂದ ದೊಡ್ಡ ಮಾಸ್ತರ ಹಂತೇಕ ಬ್ಯಾರೆ ವಾಚಿತ್ತು, ಅದು ಚಲೋ ನಡೀತಿತ್ತು. ತೊರಗಲ್ಲಿನವರಿಗೆ ಐದು ಮಾರ್ಕು ಕಡಿತ ಆಗಿತ್ತು. ಕಾರಣ, ವ್ಯಾಳ್ಯಾ ಮೀರಿದ್ದು.

೫. ರಾಮದುರ್ಗದ ಎಂಟನೇ ನಂಬರ್

ವಾಚಿನ ಫಜೀತಿ ಆದ ಮ್ಯಾಲೆ ಮಾಸ್ತರು ಇನ್ನೊಂದು ಹುಕುಂ ಮಾಡಿದ್ರು: ಸಾಹುಕಾರ್ರೂ ಪರದಾದ ಹಿಂದ ಬಂದು ತಮ್ಮ ಬಾಜೂಕ ಕುಂಡ್ರಬೇಕು, ಇಬ್ಬರದೂ ಒಂದ ವಾಚು ಆಗಬೇಕು. ಈ ಮಾತು ನೆನಪಿಟಗೋರಿ, ಮುಂದ ಬೇಕಾಗತೈತಿ.

ಎರಡು ಸಾವಿರದ ಇಸವಿ ದಾಟಿತ್ತು. ಒಂದು ದಿವಸ ಸಾಹುಕಾರ್ರು ಅಂಗಡಿಗೆ ಬಂದು ನಿಂತ್ರು. "ಈ ವರ್ಷ ರಾಮದುರ್ಗದಾಗ ಮೊದಲನೇ ಬಹುಮಾನ ನಿನ್ನ ಅಂಗಡಿಯಿಂದ ಒಂದು ಪೇಟಿ. ನಿನ್ನ ಹೆಸರು ಮೈಕಿನಾಗ ಹೇಳಸತೇನಿ."

ಕೇಳಿದಂಗ ಇತ್ತು, ಆದರ ಕೇಳಿದ್ದಲ್ಲ. ಜಾಗಾ ಅವರದು, ಒಲ್ಲೆ ಅನ್ನಾಕ ನನ್ನ ನಾಲಿಗಿ ಏಳಲಿಲ್ಲ. ಅಂಗಡಿಯೊಳಗ ಹನ್ನೊಂದು ಪೇಟಿ ಇದ್ವು. ಹತ್ತು ಗಿರಾಕಿಗಳದು. ಒಂದ ನಂದು, ಅಂದ್ರ ಅಪ್ಪಂದು. ಮುಚ್ಚಿಹೋದ ಒಂದು ನಾಟಕ ಕಂಪನಿಯಿಂದ ತಂದು ಅಪ್ಪ ಕೈಯಾರೆ ಜೋಡಿಸಿದ ಪೇಟಿ.

ನನ್ನ ಹೇಣ್ತಿ ಕೇಳಿ ಕೈಯಾಗಿನ ಮೊರಾ ಕೆಳಗಿಟ್ಟಳು. "ಮಾವನವರ ಪೇಟಿ ಕೊಡತೀರಿ? ಯಾರಿಗೆ?"

"ಗೆದ್ದವರಿಗೆ."

"ಗೆಲ್ಲಾವರು ಯಾರು ಅಂತ ಊರಿಗೆಲ್ಲಾ ಗೊತ್ತೈತಿ."

ಖರೇನ ಗೊತ್ತಿತ್ತು. ಸಾಹುಕಾರ್ರ ಅಣ್ಣನ ಮಗ ಧಾರವಾಡದಾಗ ಕಾಲೇಜು ಓದಕೋತ ಪೇಟಿ ಕಲಿಯಾಕತ್ತಿದ್ದ, ಆ ವರ್ಷ ಅವನ ಹೆಸರೂ ಬಂದಿತ್ತು. ಎಂಟನೇ ನಂಬರ್. ಹೇಣ್ತಿ ಎರಡು ದಿವಸ ನನ್ನ ಜೋಡಿ ಮಾತಾಡಲಿಲ್ಲ. ಹೊಂಡೂ ದಿವಸ ಬುತ್ತಿ ಕಟ್ಟಿಕೊಟ್ಟಳು, ಬುತ್ತಿ ನನ್ನ ಕೈಯಾಗ ಕೊಡಲಿಲ್ಲ, ಪೇಟಿ ಮ್ಯಾಲೆ ಇಟ್ಟಳು.

ರಾಮದುರ್ಗದಾಗ ಸಾಹುಕಾರ್ರು, "ಸಂಘದ ಪೇಟಿ ಬ್ಯಾಡ, ಬಹುಮಾನದ ಪೇಟೀನ ಎಲ್ಲಾರೂ ಬಾರಸಲಿ, ಮಂದಿ ನೋಡಲಿ" ಅಂದ್ರು. ಅಪ್ಪನ ಪೇಟಿ ವೇದಿಕಿ ಏರಿತು. ಏಳನೇ ನಂಬರಿನವ ಮನೋಳಿ ಕಡೆಯವ, ಕೈ ಭಾಳ ಭಾರ. ಒಂದು ತಾನ ಹೊಡಿಯೂಮುಂದ ಕೋಮಲ 'ನಿ' ಬಂದ್ ಆತು. ಅಂವ ಅದನ್ನ ಬಿಟ್ಟ ಬಾರಿಸಿ ಮುಗಿಸಿದ. ಪರದಾದ ಹಿಂದಿನಿಂದ ಮಾಸ್ತರ ದನಿ ಬಂತು, "ಪೇಟಿ ನೋಡ್ರಿ."

ನಾ ವೇದಿಕಿ ಹತ್ತಿ ಪೇಟಿ ಬಿಚ್ಚಿದೆ. ಅದ ಹೊತ್ತಿಗೆ ಕಾರ್ಯದರ್ಶಿ ಮೈಕಿನಾಗ "ನಂಬರ್ ಎಂಟು" ಅಂತ ಕೂಗಿದ್ರು. ಯಾರೂ ಬರಲಿಲ್ಲ. ಎಂಟು ಅಂದ್ರ ಯಾರು ಅಂತ ಅವರಿಗೆ ಆಗ ನೆನಪಾತು, ಮಾರಿ ಬೆಳ್ಳಗಾತು, ಮೈಕ್ ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದ್ರು.

ರೀಡಿನಾಗ ಧೂಳು ಸಿಕ್ಕಿತ್ತು. ತಗದು, ಊದಿ, ಹೊಳ್ಳಿ ಕೂಡಿಸಿ, ನಿಯಮದ ಪ್ರಕಾರ ಒಂದ 'ಸಾ' ಹಿಡದೆ.

"ಹೂಂ, ನಡೀಲಿ," ಅಂತು ಪರದಾದ ಹಿಂದಿನ ದನಿ.

ನನ್ನ ಕೈ ಅಲ್ಲೇ ನಿಂತಿತು. ದೊಡ್ಡ ಮಾಸ್ತರು ಎಂಟನೇದವ ಕುಂತಾನ ಅಂತ ತಿಳಕೊಂಡಿದ್ರು. ನಾ ಎದ್ದು ಬರಾಂವ ಇದ್ದೆ, ದೇವರಾಣಿ ಹೇಳತೇನಿ. ಆದರ ಮಾಸ್ತರು ನಡೀಲಿ ಅಂದ ಮ್ಯಾಲೆ ಬಾಜೂಕ ಸಾಥಿಗೆ ಕುಂತಿದ್ದ ತಬಲಾದವರು ನಿಂದ್ರತಾರೇನು, ಅವರು ತೀನತಾಲ ಹಿಡದಬಿಟ್ರು. ನಾ ಬ್ಯಾಡ ಬ್ಯಾಡ ಅಂತ ತಲಿ ಆಡಿಸಿದೆ. ಅವರು ಲಯ ಜಾಸ್ತಿ ಆತು ಅಂತ ತಿಳಕೊಂಡು ನಿಧಾನ ಮಾಡಿದ್ರು.

ರಿಪೇರಿ ಆದ ಪೇಟಿ ನೋಡಾಕ ಅಪ್ಪಂದು ಒಂದು ಪದ್ಧತಿ ಇತ್ತು. ಯಾವ ಸ್ವರ ಕೆಟ್ಟಿತ್ತೋ ಆ ಸ್ವರ ಹೊಳ್ಳಾಮಳ್ಳಿ ಬರೂ ರಾಗ ಬಾರಸೂದು. ಕೆಟ್ಟದ್ದು ಕೋಮಲ 'ನಿ', ಹಂಗಾಗಿ ಭೀಮಪಲಾಸಿ. ನನ್ನ ಬಟ್ಟು ತಾವ ಅಲ್ಲಿಗೆ ಹ್ವಾದ್ವು. ಮೊದಲು ಹೆದರಿಕಿ ಇತ್ತು. ಆಮ್ಯಾಲೆ, ಈ ಪೇಟಿ ನಾಳೆ ನಮ್ಮ ಮನಿಯಾಗ ಇರಂಗಿಲ್ಲ ಅನ್ನೂದು ನೆನಪಾತು, ಹೆದರಿಕಿ ಹೋತು. ಆ 'ನಿ'ಗೆ ಬಂದಾಗೊಮ್ಮೆ ಅಪ್ಪ ಹಿಂದ ನಿಂತು, ಬರೋಬರಿ ಆತು ನೋಡು ಅಂದಂಗ ಆಗತಿತ್ತು. ಕಣ್ಣಾಗ ನೀರು ಬಂದು ಬಟ್ಟಿನ ಕೆಳಗಿನ ಪಟ್ಟಿ ಕಾಣದಂಗ ಆದ್ವು. ಕಾಣೂದು ಬೇಕಾಗಿದ್ದಿಲ್ಲ.

ಸಾಹುಕಾರ್ರು ಪರದಾದ ಹಿಂದ ತಮ್ಮ ಅಣ್ಣನ ಮಗನ್ನ ಕೇಳಾಕತ್ತೇನಿ ಅಂತ ತಿಳಕೊಂಡು ಏಳು ನಿಮಿಷದ ಗಂಟಿ ಹನ್ನೆರಡು ನಿಮಿಷಕ್ಕ ಬಡದ್ರು. ಅವತ್ತು ವ್ಯಾಳ್ಯಾ ಮೀರಿದ್ದಕ್ಕ ಯಾರೂ ಮಾರ್ಕು ಕಡೀಲಿಲ್ಲ. ನಾ ಕಳ್ಳನಂಗ ಇಳದು ನನ್ನ ಜಾಗಾಕ್ಕ ಹೋಗಿ ಕುಂತೆ. ಕಾರ್ಯದರ್ಶಿ ಬಸ್‌ಸ್ಟ್ಯಾಂಡಿನಿಂದ ಏದುಸಿರು ಬಿಟಗೋತ ಬಂದ್ರು. ನಿಮ್ಮ ಹುಡುಗ ಬಂದಿಲ್ಲ ಅಂತ ಸಾಹುಕಾರ್ರಿಗೆ ಹೇಳಾಕ ಹೆದರಿ, ಎಂಟರ ಮುಂದ 'ಹಾಜರ್' ಅಂತ ಬರದು ಗಪ್ಪ್ ಕುಂತ್ರು.

ಸ್ಪರ್ಧಾ ಮುಗೀತು. ದೊಡ್ಡ ಮಾಸ್ತರು ಪರದಾ ಸರಿಸಿ ಮುಂದ ಬಂದ್ರು. "ಮೊದಲನೇ ಬಹುಮಾನ ಎಂಟನೇ ನಂಬರ್. ಇಷ್ಟು ವರ್ಷದಾಗ ಇಂಥಾ ಪೇಟಿ ನಾ ಕೇಳಿಲ್ಲ."

ನನ್ನ ಕೈಯಾಗಿನ ಸ್ಕ್ರೂಡ್ರೈವರ್ ಠಣ್ ಅಂತ ಕೆಳಗ ಬಿತ್ತು. ಸಾಹುಕಾರ್ರು ಮೈಕ್ ಹಿಡದು ತಮ್ಮ ಮನೆತನದ ರಕ್ತದಾಗ ಸಂಗೀತ ಹ್ಯಾಂಗ ಹರೀತೈತಿ ಅಂತ ಭಾಷಣಾ ಸುರು ಮಾಡಿದ್ರು. ಅಜ್ಜನ ತನಕ ಹೋಗಿದ್ರು, ಆವಾಗ ಬಾಗಲದಾಗ ಒಬ್ಬ ಹುಡುಗ ಮೈಯೆಲ್ಲಾ ಧೂಳಾಗಿ, ಬಗಲಾಗ ಚೀಲಾ ಹಾಕ್ಕೊಂಡು ಬಂದು ನಿಂತ.

"ಕಾಕಾ, ಬಸ್ಸು ದಾರ್ಯಾಗ ಕೆಟ್ಟಿತ್ರಿ. ನನ್ನ ಪಾಳಿ ಎಷ್ಟೊತ್ತಿಗೈತಿ?"

ಸಾಹುಕಾರ್ರ ಬಾಯಿ ಮೈಕಿನ ಮುಂದ ತಗದದ್ದು ತಗದಂಗ ಇತ್ತು. ದೊಡ್ಡ ಮಾಸ್ತರು ಕೇಳಿದ್ರು, "ಹಂಗಾರ ಎಂಟು ಬಾರಿಸಿದವ ಯಾರು?" ತಬಲಾದವರು ಏನೂ ಅರಿಯದ ಕೂಸಿನಂಗ ನನ್ನ ಕಡೆ ಬಟ್ಟು ಮಾಡಿದ್ರು.

"ಇದು ನಡಿಯಂಗಿಲ್ಲ," ಅಂದ್ರು ಸಾಹುಕಾರ್ರು. "ಇಂವ ಫಾರ್ಮ್ ತುಂಬಿಲ್ಲ."

"ತುಂಬಿದ್ದ," ಅಂದ್ರು ಮಾಸ್ತರು. "ನಾನ ಮೇಜಿನ ಕಾಲಿಗೆ ಇಟ್ಟಿದ್ದೆ."

ಅವರಿಗೆ ನೆನಪಿತ್ತು. ಇದು ಎಲ್ಲಾದಕ್ಕಿಂತ ದೊಡ್ಡ ಧಕ್ಕಾ ನನಗ.

"ಗುರು ಇಲ್ಲಲ್ಲರೀ ಇವಗ," ಅಂದ್ರು ಸಾಹುಕಾರ್ರು.

"ನಾ ಕೊಟ್ಟ ತೀರ್ಪು ಒಮ್ಮೆನೂ ಹೊಳ್ಳಿ ತಗೊಂಡಿಲ್ಲ. ನಾ ನಡೀಲಿ ಅಂದೆ, ಅಂವ ಬಾರಿಸಿದ. ನನ್ನ ಮಾತು ಕೇಳಿ ಬಾರಿಸಿದವ ನನ್ನ ಶಿಷ್ಯಾ. ಪ್ರಮಾಣಪತ್ರದಾಗ ಬರೀರಿ, ಗುರುಗಳ ಹೆಸರಿನ ಮುಂದ ನನ್ನ ಹೆಸರು."

ಬ್ಯಾರೆ ಯಾರರ ಆಗಿದ್ರ ಕಾಲಿಗೆ ಬೀಳತಿದ್ರು. ನನ್ನ ಬಾಯಿಂದ ಬಂದ ಮಾತು ಕೇಳಿ ನನಗ ಗಾಬರಿ ಆತು. "ಬ್ಯಾಡ್ರಿ ಮಾಸ್ತರ. ಅಪ್ಪನ ಹೆಸರ ಇರಲಿ."

ಮಾಸ್ತರಿಗೆ ಬ್ಯಾಡ ಅಂದವರನ್ನ ನಾಕೂ ಊರಾಗ ಯಾರೂ ನೋಡಿದ್ದಿಲ್ಲ. ಆಜೂಬಾಜು ಇದ್ದ ಇಬ್ಬರು ತೀರ್ಪುಗಾರರು ಯಾವ ಮಾರಿ ಮಾಡಬೇಕು ಅಂತ ತಿಳೀದ ದೊಡ್ಡ ಮಾಸ್ತರ ಮಾರೀನ ನೋಡಾಕತ್ತಿದ್ರು. ಮಾಸ್ತರು ಕನ್ನಡಕ ತಗದು ಒರಸಿಕೊಂಡ್ರು, ಅವತ್ತಿನಂಗ. ಆಮ್ಯಾಲೆ ಕಾರ್ಯದರ್ಶಿಗೆ ಹೇಳಿದ್ರು, "ಅವರಪ್ಪನ ಹೆಸರು ಬರೀರಿ. ಹೆಸರಿನ ಮುಂದ 'ಮಾಸ್ತರ' ಅಂತ ಸೇರಸ್ರಿ."

ಸಂಜೀ ಬಸ್ಸಿಗೆ ಪೇಟಿ ಹೊತಗೊಂಡು ಮನಿಗೆ ಬಂದೆ. ಹೇಣ್ತಿ ಬಾಗಲದಾಗ ನಿಂತು ಪೇಟಿ ನೋಡಿದಳು, ನನ್ನ ನೋಡಿದಳು.

"ಯಾಕ್ರಿ, ಯಾರೂ ಒಲ್ಲೆ ಅಂದ್ರೇನು?"

ನಾ ಪ್ರಮಾಣಪತ್ರ ಕೊಟ್ಟು ಎಲ್ಲಾ ಹೇಳಿದೆ. ಮಾವನ ಹೆಸರು ಎರಡೆರಡು ಸಲ ಓದಿದಳು, 'ಮಾಸ್ತರ' ಅನ್ನೂದರ ಮ್ಯಾಲೆ ಬಟ್ಟು ಆಡಿಸಿದಳು, ಕಣ್ಣಿಗೆ ಒತಗೊಂಡಳು. ಪೇಟಿ ಅದರ ಜಾಗಾಕ್ಕ ಇಟ್ಟು ಸೆರಗಲೆ ಧೂಳು ಒರಸಿದಳು. ಒರಸಕೋತ ಏನೋ ವಿಚಾರ ಮಾಡಿ ನನ್ನ ಕಡೆ ಹೊಳ್ಳಿದಳು.

"ಅಲ್ಲರೀ, ಕೊಟ್ಟವರೂ ನೀವ, ಗೆದ್ದವರೂ ನೀವ. ನಡುವ ಇದನ್ನ ಹೊತಗೊಂಡು ರಾಮದುರ್ಗಕ್ಕ ಯಾಕ ಹೋಗಿದ್ರಿ?"